ಪಕ್ಕದ ಸೀಟು

ಮದುವೆಯ ವಾರ್ಷಿಕೋತ್ಸವದ ಭಾನುವಾರ, ಆಫೀಸಿದೆ ಎಂದಿದ್ದ ಗಂಡನನ್ನು ಹೇಗಾದರೂ ಸಫಾರಿಗೆ ಕರೆದೊಯ್ಯಬೇಕೆಂದು ಶಾಂಭವಿ ಅರಣ್ಯ ಇಲಾಖೆಯ ಜಾಲತಾಣದಲ್ಲಿ ಗುಟ್ಟಾಗಿ ಇಬ್ಬರ ಆಧಾರ್ ಸಂಖ್ಯೆಯನ್ನೂ ತುಂಬಿದಳು. ಅವಳದನ್ನು ಒಪ್ಪಿಕೊಂಡ ಜಾಲತಾಣ ಅವನದನ್ನು ತಳ್ಳಿಹಾಕಿತು. ಆ ಸಂಖ್ಯೆಗೆ ಭಾನುವಾರ ಬೆಳಗಿನ ಜೀಪಿನಲ್ಲಿ ಆಗಲೇ ಸೀಟು ಇತ್ತು.

ಅವಳು ಫೋನನ್ನು ಗಂಡನ ಮುಖಕ್ಕೆ ಹಿಡಿದಳು.

“ಭಾನುವಾರ ಆಫೀಸಿದೆ ಅಂದ್ರಲ್ಲ ರೀ, ಕಾಡಲ್ಲಿದ್ಯಾ ನಿಮ್ಮ ಆಫೀಸು? ಒಬ್ಬರೇನಾ?”

“ಇಲ್ಲ. ಪಕ್ಕದ ಸೀಟೂ ತಗೊಂಡಿದೀನಿ.”

“ಹೆಂಗಸಾ?”

“ಹೂಂ.”

“ಎಷ್ಟು ದಿನದಿಂದ ನಡೀತಿದೆ ಈ ಓಡಾಟ?”

“ವರ್ಷವಾಯ್ತು. ಆಗಾಗ ಎಲ್ಲಾದ್ರೂ ಕರ್ಕೊಂಡು ಹೋಗ್ತೀನಿ.”

ಅವಳು ಲೋಟ ಕುಕ್ಕಿದ ರಭಸಕ್ಕೆ ಕಾಫಿ ಮೇಜಿನ ತುಂಬ ಚೆಲ್ಲಿತು.

“ನಾಚಿಕೆ ಆಗಲ್ವಾ? ನನಗಿಂತ ಚೆನ್ನಾಗಿದಾಳಾ?”

“ನೋಡೋಕೆ ಥೇಟ್ ನಿನ್ನ ಹಾಗೇ.”

“ಯಾರವಳು?”

“ಹೇಳಿದ್ರೆ ನೀನು ಹೋಗೋಕೆ ಬಿಡಲ್ಲ.”

“ಹೇಳದಿದ್ರೆ ಈಗಲೇ ಈ ಮನೆಯಿಂದ ಹೊರಡಿ!”

ಅವಳ ಸೀರೆಗೆ ಕಾಫಿ ತಾಗದಂತೆ ಅವನು ಬಟ್ಟೆ ತಂದು ಮೇಜು ಒರೆಸಿದ.

“ನಿಮ್ಮಮ್ಮ ಕಣೇ,” ಎಂದ. “ನೀನು ಮಾತು ಬಿಟ್ಟ ಮೇಲೆ ಅವರು ಮನೆಯಿಂದ ಆಚೆಗೇ ಬರ್ತಿರಲಿಲ್ಲ.”