ಹವಳದ ಮೇಲಿನ ಪಾಚಿ

ಉಪ್ಪುನೀರಿನ ಅಕ್ವೇರಿಯಂನಲ್ಲಿ ಅವನು ಜತನದಿಂದ ಬೆಳೆಸಿದ್ದ ಹವಳಗಳಿಗೆ ಕೂದಲಿನಂಥ ಹಸಿರು ಪಾಚಿ ಮುತ್ತಿತ್ತು. ಮೀನುಗಳಿಗೆ ಅತಿಯಾಗಿ ಆಹಾರ ಹಾಕುತ್ತಾಳೆಂದು ಹೋದ ತಿಂಗಳು ಕೆಲಸದ ಚಂದ್ರಾವತಿಯನ್ನು ಬಿಡಿಸಿದ್ದ. ಆದರೂ ಪಾಚಿ ಹೆಚ್ಚಾಯಿತು.

ಅಕ್ವೇರಿಯಂ ತೊಳೆಯಲು ಬಂದ ಇಮ್ತಿಯಾಜ್ ನೀರು ಪರೀಕ್ಷಿಸಿದ.

“ಉಜ್ಜಿ ತೆಗೆದ್ರೂ ಮತ್ತೆ ಬರ್ತದೆ ಸರ್. ಈಗಲೂ ಯಾರೋ ತುಂಬಾ ಆಹಾರ ಹಾಕ್ತಿದ್ದಾರೆ. ಮಿಕ್ಕಿದ್ದು ಕೊಳೆತು ಪಾಚಿಗೆ ಗೊಬ್ಬರ ಆಗ್ತಾ ಉಂಟು.”

ಮನೆಯಲ್ಲಿ ಇನ್ನು ಉಳಿದವಳು ಹೆಂಡತಿ ಮಾತ್ರ. ಅವನು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ.

“ನೀನಾ ಹಾಕಿದ್ದು?”

“ಹೌದು. ಮೊದಲಿಂದಲೂ ನಾನೇ.”

“ಮತ್ತೆ ಚಂದ್ರಾವತಿಯನ್ನು ಬಿಡಿಸುವಾಗ ಯಾಕೆ ಹೇಳಲಿಲ್ಲ?”

ಅವಳು ಒಲೆ ಆರಿಸಿದಳು.

“ಅವತ್ತು ನೀವು ಕೇಳಿದ್ದು ಅವಳನ್ನು. ನನ್ನೊಟ್ಟಿಗೆ ಮಾತಾಡಿದ್ದು ಏಳು ತಿಂಗಳಲ್ಲಿ ಇವತ್ತೇ.”