ನೋಡಲು ಬಂದ ಕಂಪ್ಯೂಟರ್

ಕೊಳ್ಳುವವರ ಮನೆಯನ್ನು ಕಂಪ್ಯೂಟರ್‌ಗಳೇ ಬಂದು ನೋಡಿ ಒಪ್ಪುವ ಕಾಲ. ಆ ಭಾನುವಾರ ತಿಪಟೂರಿನಲ್ಲಿ, ಲಗ್ನಪತ್ರಿಕೆಗಳ ಡಿಟಿಪಿ ಮಾಡುವ ವಿಮಲಾಕ್ಷಿಯನ್ನು ನೋಡಲು ಒಂದು ಕಂಪ್ಯೂಟರ್ ಬಂದಿತ್ತು. ಅಮ್ಮ ಪುಟ್ಟಗೌರಮ್ಮ ಅದನ್ನು ಚಾಪೆಯ ಮೇಲೆ ಕೂರಿಸಿ ಫ್ಯಾನ್ ಹಾಕಿದರು. ಕರೆತಂದ ದಲ್ಲಾಳಿ ಷಡಕ್ಷರಿಗೆ ಉಪ್ಪಿಟ್ಟು ಕೊಟ್ಟರು.

"ಕರೆಂಟ್ ಎಷ್ಟು ಹೊತ್ತು ಹೋಗುತ್ತೆ? ಧೂಳು ಜಾಸ್ತೀನಾ?" ಕಂಪ್ಯೂಟರ್ ಕೇಳಿತು. "ಸ್ವಲ್ಪ ಟೈಪ್ ಮಾಡಿ ತೋರಿಸಿ."

ವಿಮಲಾಕ್ಷಿ ಎಲ್ಲಕ್ಕೂ ಉತ್ತರಿಸಿದಳು, ಟೈಪೂ ಮಾಡಿದಳು. ಆಮೇಲೆ ಸೆರಗಿನ ಮರೆಯಿಂದ ನೋಟ್‌ಬುಕ್ ತೆಗೆದಳು. ಆರು ತಿಂಗಳು ರಿಪೇರಿ ಅಂಗಡಿಗಳನ್ನು ಸುತ್ತಿ, ಕೇಳಿ ಕೇಳಿ ಬರೆದುಕೊಂಡದ್ದೆಲ್ಲ ಅದರಲ್ಲಿತ್ತು.

"ಈಗ ನಾನು ಕೇಳ್ತೀನಿ. ನಿಮ್ಮ ಹಾರ್ಡ್‌ಡಿಸ್ಕ್ ಹೊಸದಾ, ಹಳೇದಾ? ಮೆಮೊರಿ ಮುಂದೆ ಹೆಚ್ಚಿಸ್ಬೋದಾ, ಬೆಸುಗೆ ಹಾಕಿಬಿಟ್ಟಿದಾರಾ? ಮುಚ್ಚಳ ತೆಗೀರಿ, ನೋಡ್ಬೇಕು."

ಷಡಕ್ಷರಿಗೆ ಉಪ್ಪಿಟ್ಟು ನೆತ್ತಿಗೇರಿತು. "ಅವರನ್ನ ಹಾಗೆಲ್ಲ ಕೇಳೋ ಪದ್ಧತಿ ಇಲ್ಲಮ್ಮಾ!"

"ಸುಮ್ನಿರೇ, ಮನೆಗೆ ಬಂದೋರನ್ನ..." ಅಮ್ಮ ತೋಳು ಚಿವುಟಿದರು.

"ಕೇಳಿದ್ದಕ್ಕೆ ಹೇಳ್ಲಿ, ಅಮ್ಮ."

ಕಂಪ್ಯೂಟರಿನ ಒಳಗಿನ ಫ್ಯಾನ್ ಜೋರಾಗಿ ತಿರುಗಿತು. "ಬೆಸುಗೆ ಹಾಕಿದೆ," ಎಂದಿತು ಮೆಲ್ಲಗೆ. ಮರುಕ್ಷಣವೇ ಬಿಗುಮಾನ ತಂದುಕೊಂಡಿತು. "ಸರಿ. ಊರಿಗೆ ಹೋಗಿ ತಿಳಿಸ್ತೀವಿ."

ಇದೇ ಚಾಪೆಯ ಮೇಲೆ ಕೂತು ಏಳು ಗಂಡುಗಳು ಇದೇ ಮಾತು ಹೇಳಿ ಎದ್ದು ಹೋಗಿದ್ದರು. ಏಳು ಸಲವೂ ಅವಳು ತಲೆ ತಗ್ಗಿಸಿ, ವಾರಗಟ್ಟಲೆ ಫೋನಿನ ಪಕ್ಕ ಕಾದಿದ್ದಳು.

ವಿಮಲಾಕ್ಷಿ ನೋಟ್‌ಬುಕ್ ಮುಚ್ಚಿ ಎದ್ದು ನಿಂತಳು.

"ನೀವು ತಿಳಿಸೋದು ಬೇಡ. ನಿಮ್ಮಂಥ ಕಂಪ್ಯೂಟರ್‌ಗಳು ಇನ್ನೂ ಮೂರು ಬರೋದಿವೆ. ಎಲ್ಲರನ್ನೂ ನೋಡಿ ನಾನೇ ತಿಳಿಸ್ತೀನಿ. ಅಲ್ಲೀವರೆಗೂ ಕಾಯ್ತಾ ಇರಿ."