ಸಿಹಿ ಸೇರದ ಅಕ್ಕ

ತಂಗಿ ಅಂಗಡಿಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, 'ಐದು ನಿಮಿಷದಲ್ಲಿ ಬರುತ್ತೇವೆ' ಎಂದು ಬರೆದ ರಟ್ಟನ್ನು ಗಾಜಿಗೆ ತೂಗುಬಿಟ್ಟು, ಕತ್ತರಿಸುವ ಮೇಜಿನ ಮೇಲಿದ್ದ ಬಟ್ಟೆಯನ್ನೆಲ್ಲ ಒಂದೇ ಸಲಕ್ಕೆ ಪಕ್ಕಕ್ಕೆ ತಳ್ಳಿದಳು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಕ್ಕ ಕನ್ನಡಕದ ಮೇಲಿಂದ ನೋಡಿದಳು. ಇಪ್ಪತ್ತೈದು ವರ್ಷದಿಂದ ಇಬ್ಬರೂ ಸೇರಿ ನಡೆಸುತ್ತಿದ್ದ ಆ ದರ್ಜಿ ಅಂಗಡಿಗೆ ಹಾಡುಹಗಲೇ ಚಿಲಕ ಬಿದ್ದದ್ದು ಅದೇ ಮೊದಲು. ತಂಗಿ ಚೀಲಕ್ಕೆ ಕೈಹಾಕಿ, ಅದನ್ನು ತೆಗೆದು ಮೇಜಿನ ನಟ್ಟನಡುವೆ ಇಟ್ಟಳು. ಕಡುನೀಲಿ ಕಾಗದ, ಬಂಗಾರದ ಬಣ್ಣದ ಅಕ್ಷರ, ಅಂಗೈಯಗಲದ ಚಾಕೊಲೇಟು. ಏಳು ಸಮುದ್ರ ದಾಟಿ ಬಂದದ್ದು!

ಎದುರು ಬೀದಿಯ ದೊಡ್ಡ ಅಂಗಡಿಯ ಗಾಜಿನೊಳಗೆ ಅದನ್ನು ತಿಂಗಳುಗಟ್ಟಲೆ ನೋಡಿದ್ದಳು. ಇವತ್ತು ಬೆಳಿಗ್ಗೆ ಮನಸ್ಸು ಗಟ್ಟಿ ಮಾಡಿಕೊಂಡು ಒಳಗೆ ಹೋದರೆ, ಬೆಲೆ ಕೇಳಿಯೇ ಎದೆ ಧಸಕ್ಕೆಂದಿತ್ತು. ಅಂಗಡಿಯವನು ಒಳ್ಳೆಯವನು, ಪಾಪ. ಕಾಗದದ ಮೇಲಿದ್ದ ಎಂಬತ್ತೈದು ಎಂಬ ಅಂಕಿಯನ್ನು ತೋರಿಸಿ, ಇದು ನೂರಕ್ಕೆ ಎಂಬತ್ತೈದು ಪಾಲು ಬರೀ ಕೋಕೋ, ಸಕ್ಕರೆ ಹೆಸರಿಗಷ್ಟೇ, ಕಹಿ ಇರುತ್ತೆ, ಬೇಕಾದರೆ ಹಾಲಿನದು ಕೊಡುತ್ತೇನೆ ಎಂದು ಎಚ್ಚರಿಸಿದ್ದ. ಕಹಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಇವಳಿಗೆ ಅಲ್ಲೇ ಕುಣಿದುಬಿಡುವಷ್ಟು ಖುಷಿಯಾಯಿತು. ನನಗೆ ಅದೇ ಬೇಕು, ಇರುವುದರಲ್ಲೆಲ್ಲ ಕಹಿಯಾದದ್ದನ್ನೇ ಕೊಡಿ ಎಂದು ಕಟ್ಟಿಸಿಕೊಂಡು ಬಂದಿದ್ದಳು.

ಅದಕ್ಕೆ ಕಾರಣವಿತ್ತು. ಅಮ್ಮ ತೀರಿಕೊಂಡಾಗ ತಂಗಿಗೆ ಐದು ವರ್ಷ, ಅಕ್ಕನಿಗೆ ಹದಿನೈದು. ಆವತ್ತಿನಿಂದ ಮನೆಗೆ ಬಂದ ಸಿಹಿಯೆಲ್ಲ ತಂಗಿಯ ಪಾಲು. ನನಗೆ ಸಿಹಿ ಸೇರೋದಿಲ್ಲ ಎಂದು ಒಂದು ಸಲ ಹೇಳಿದ ಅಕ್ಕ, ಆ ಮಾತಿಗೆ ನಲವತ್ತು ವರ್ಷ ಕಟ್ಟುಬಿದ್ದಳು. ಚಹಾ ಕೂಡ ಸಕ್ಕರೆ ಇಲ್ಲದೆಯೇ ಕುಡಿದಳು. ಉಳಿದ ತಿಂಡಿ ಹಂಚುವಾಗಲೂ ತಂಗಿಯ ಕಡೆಗೆ ಒಂದಿಷ್ಟು ಹೆಚ್ಚು ತಳ್ಳಿ, 'ಅದು ಹೊಲಿಗೆಗೆ' ಎನ್ನುತ್ತಿದ್ದಳು. ಬಟ್ಟೆ ಕತ್ತರಿಸುವಾಗ ಹೊಲಿಗೆಯೊಳಗೆ ಮಡಚಿಹೋಗುತ್ತದೆಂದು ಅಳತೆಗಿಂತ ಅರ್ಧ ಇಂಚು ಜಾಸ್ತಿ ಬಿಡುತ್ತಾರಲ್ಲ, ಹಾಗೆ. ತಂಗಿ ಎಲ್ಲವನ್ನೂ ನಂಬಿಕೊಂಡೇ ಬೆಳೆದಳು. ನಂಬಿಕೊಂಡೇ ತಲೆ ನರೆಯಿತು. ಹೋದ ವಾರ ಗಿರಾಕಿಯೊಬ್ಬಳು ಒಂದು ಮಿಠಾಯಿ ಕೊಟ್ಟಳು. ಎಂದಿನಂತೆ ಅದು ತಂಗಿಯ ಬಾಯಿಗೆ ಹೋಯಿತು. ಅವಳು ಆಚೆ ಹೋದಳೆಂದುಕೊಂಡ ಅಕ್ಕ, ಮಿಠಾಯಿಯ ಖಾಲಿ ಕಾಗದವನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ನಿಂತಿದ್ದನ್ನು ತಂಗಿ ಪರದೆಯ ಸಂದಿಯಿಂದ ಕಂಡುಬಿಟ್ಟಳು. ಮೊದಲು ಕರುಳು ಚುರುಕ್ಕೆಂದಿತು, ಅದರ ಹಿಂದೆಯೇ ಕೆಟ್ಟ ಕೋಪ ಬಂತು. ಕೇಳಿದರೆ ಒಪ್ಪಿಕೊಳ್ಳುವ ಪೈಕಿ ಅಲ್ಲ ಅಕ್ಕ. ಅವಳು ಚಾಪೆ ಕೆಳಗೆ ತೂರಿದರೆ, ತಾನು ರಂಗೋಲಿ ಕೆಳಗೇ ತೂರಬೇಕು.

"ನೀನು ತಿನ್ನು, ನನಗೆ ಸಿಹಿ..." ಎಂದು ಅಕ್ಕ ಶುರುಮಾಡಿದಳು.

"ಇದು ಸಿಹಿ ಅಲ್ಲಕ್ಕ, ಕಹಿ."

ಅಕ್ಕ ಹಲ್ಲುನೋವು ಎಂದಳು, ವಯಸ್ಸಾಯಿತು ಎಂದಳು, ಸಂಜೆಗೆ ಕೊಡಬೇಕಾದ ಕೋಟಿನ ತೋಳೇ ಇನ್ನೂ ಕೂರಿಸಿಲ್ಲ ಎಂದಳು. ತಂಗಿ ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ, ಸರಿ ಹಾಗಾದರೆ ನಾನೇ ಹಂಚುತ್ತೇನೆ ಎಂದು ಅಕ್ಕ ಮೇಜಿಗೆ ಕೈಚಾಚಿದಾಗ, ತಂಗಿ ಚಾಕೊಲೇಟನ್ನು ತನ್ನ ಕಡೆಗೆ ಎಳೆದುಕೊಂಡಳು. ತಾನೇ ಕಾಗದ ಬಿಚ್ಚಿದಳು. ಬೆಳ್ಳಿಹಾಳೆ ಸರಿದದ್ದೇ, ಯಂತ್ರದ ಎಣ್ಣೆ, ಬಿಸಿ ಇಸ್ತ್ರಿಯ ವಾಸನೆಗಳನ್ನೆಲ್ಲ ಪಕ್ಕಕ್ಕೆ ತಳ್ಳಿ ಬೇರೆಯೇ ಒಂದು ಪರಿಮಳ ಅಂಗಡಿ ತುಂಬಿತು. ಟಕ್ಕೆಂದು ಮುರಿದು, ದೊಡ್ಡ ಪಾಲನ್ನು ಅಕ್ಕನ ಮುಂದಿಟ್ಟಳು.

ಅಕ್ಕ ಒಂದು ಚೂರನ್ನು ಬಾಯಿಗೆ ಹಾಕಿಕೊಂಡಳು. ಹಾಕಿಕೊಂಡದ್ದೇ ಮುಖ ಕಿವುಚಿಕೊಂಡಿತು. ತಂಗಿಯ ಜೀವ ಬಾಯಿಗೆ ಬಂತು. ಗೆಲ್ಲುವ ಭರದಲ್ಲಿ, ಕಹಿ ಎಂದರೆ ಕಹಿಯಾಗಿಯೇ ಇರುತ್ತದೆ ಎಂಬುದನ್ನು ಮರೆತೇಬಿಟ್ಟಿದ್ದಳಲ್ಲ! ನಲವತ್ತು ವರ್ಷಕ್ಕೊಮ್ಮೆ ತಿನ್ನಿಸಿದ್ದು ಇದನ್ನೇ? ಆದರೆ ಚೂರು ಕರಗುತ್ತ ಹೋದಂತೆ ಅಕ್ಕನ ಹುಬ್ಬಿನ ಗಂಟು ಸಡಿಲಾಯಿತು. ನಾಲಿಗೆ ಮೆಲ್ಲಗೆ ತಡಕಾಡಿ, ಅಷ್ಟು ಕಹಿಯ ಅಡಿಯಲ್ಲಿ ಅಡಗಿದ್ದ ಹದಿನೈದು ಪಾಲು ಸಿಹಿಯನ್ನು ಹುಡುಕಿಕೊಂಡಿತ್ತು. ಅವಳು ಕಣ್ಣು ಮುಚ್ಚಿದಳು, ಕಾಗದ ಮೂಸಿದ ದಿನದ ಹಾಗೆಯೇ. ಎರಡನೆಯ ಚೂರಿಗೆ ಕೈ ತಾನಾಗಿಯೇ ಹೋಯಿತು. ಮೂರನೆಯದಕ್ಕೂ ಹೋಯಿತು.

ಹೇಗಿದೆ ಎಂದು ತಂಗಿ ಕೇಳಿದ್ದಕ್ಕೆ ಪರವಾಗಿಲ್ಲ ಎಂದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಹಾಗೆನ್ನುವಾಗ ಕಣ್ಣು ಕೊಡಲಿಲ್ಲ. ತಂಗಿಗೆ ಅಷ್ಟೇ ಸಾಕಾಗಿತ್ತು. ಕಾಲು ನೆಲಕ್ಕೆ ತಾಗದವಳಂತೆ ಮೂಲೆಯ ಒಲೆಯ ಹತ್ತಿರ ಹೋಗಿ ಚಹಾಕ್ಕೆ ಇಟ್ಟಳು. ಎರಡು ಲೋಟ ಜೋಡಿಸಿ, ಅಭ್ಯಾಸಬಲದಿಂದ ತನ್ನ ಲೋಟಕ್ಕೆ ಮಾತ್ರ ಸಕ್ಕರೆ ಹಾಕಿ ಡಬ್ಬಿ ಮುಚ್ಚಿದಳು. ಹಿಂದಿನಿಂದ ಅಕ್ಕ ಕೆಮ್ಮಿದಳು.

"ನನಗೂ ಹಾಕು."

ತಂಗಿ ತಿರುಗಿ ನೋಡಲಿಲ್ಲ. ನೋಡಿದ್ದರೆ ನಗುವೋ ಅಳುವೋ, ಯಾವುದಾದರೂ ಒಂದು ಬಂದೇಬಿಡುತ್ತಿತ್ತು. ಎಷ್ಟು ಚಮಚ ಎಂದಷ್ಟೇ ಕೇಳಿದಳು.

"ಎರಡು," ಎಂದಳು ಅಕ್ಕ. ಯಂತ್ರದ ಚಕ್ರ ಒಂದು ಸುತ್ತು ತಿರುಗಿ ನಿಂತಿತು. "ಹೊಲಿಗೆಗೆ ಅಂತ ಅರ್ಧ ಜಾಸ್ತಿ ಬಿಡು."